ಕನಸು ತೋರಿದ ದಾರಿ

ಒಟ್ಟೊ ಲೋವಿ 1873ರ ಜೂನ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದನು. ಕಲೆಯ ಇತಿಹಾಸವನ್ನು ಓದಬೇಕೆಂಬುದು ಅವನ ಹಂಬಲವಾಗಿತ್ತು. ಆದರೆ ಮನೆಯವರ ಇಚ್ಛೆಗೆ ಮಣಿದು ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿದನು. 1909ರಲ್ಲಿ ಆಸ್ಟ್ರಿಯ ದೇಶದ ಗ್ರಾಟ್ಸ್ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕನಾದನು.

ನರಗಳು ಅಂಗಗಳಿಗೆ ವಿದ್ಯುತ್ತಿನಿಂದಲೇ ಸಂದೇಶ ಮುಟ್ಟಿಸುತ್ತವೆಯೆಂದು ಆ ಕಾಲದ ಬಹುಮಂದಿ ವಿಜ್ಞಾನಿಗಳು ನಂಬಿದ್ದರು. ಈ ಕಾರ್ಯವನ್ನು ಯಾವುದೋ ರಾಸಾಯನಿಕ ವಸ್ತು ನಡೆಸುತ್ತಿರಬಹುದೆಂದು ಲೋವಿಗೆ ಬಹುಕಾಲದಿಂದ ತೋರುತ್ತಿದ್ದಿತು. ಅದನ್ನು ಸಿದ್ಧಪಡಿಸುವ ಬಗೆ ಮಾತ್ರ ಹೊಳೆದಿರಲಿಲ್ಲ. ಅವನೇ ಮುಂದೆ ಹೇಳಿಕೊಂಡಂತೆ, ಒಂದು ರಾತ್ರಿ ನಿದ್ರೆಯಲ್ಲಿ ಅದಕ್ಕೆ ತಕ್ಕ ಪ್ರಯೋಗ ಗೋಚರಿಸಿತು. ಎದ್ದು ಕಾಗದದ ಚೂರಿನಲ್ಲಿ ಗೀಚಿ ಮತ್ತೆ ಮಲಗಿದನು. ಬೆಳಗಾದಾಗ ತನ್ನ ಬರಹವನ್ನು ತಾನೇ ಓದಲಾರದೆ ಹೋದನು! ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮರಳಿ ಬಂದಿತು. ಈ ಸಲ ಅವನು ತಡಮಾಡದೆ ಪ್ರಯೋಗಶಾಲೆಗೆ ಧಾವಿಸಿದನು.

ಕಪ್ಪೆಗಳ ಎರಡು ಹೃದಯಗಳನ್ನು ಲವಣದ್ರಾವಣದ ನೆರವಿನಿಂದ ಮಿಡಿಯುವಂತೆ ಇರಿಸಿ, ಒಂದರ ವೇಗಸ್ ನರವನ್ನು ಪ್ರಚೋದಿಸಿದನು. ಅದರ ಬಡಿತ ಮಂದವಾಯಿತು. ಆ ಹೃದಯದೊಳಗಿನ ದ್ರಾವಣವನ್ನು ನರವಿಲ್ಲದ ಎರಡನೆಯ ಹೃದಯಕ್ಕೆ ಸೇರಿಸಲು ಅದರ ಬಡಿತವೂ ಮಂದವಾಯಿತು. ನರವು ಸ್ರವಿಸಿದ ರಾಸಾಯನಿಕವೇ ಇದಕ್ಕೆ ಕಾರಣವೆಂದು 1921ರಲ್ಲಿ ಲೋವಿ ಪ್ರಕಟಿಸಿದನು. ಅದು ಅಸಿಟೈಲ್‌ಕೋಲಿನ್ ಎಂಬುದು ಅನಂತರ ತಿಳಿಯಿತು. 1936ರಲ್ಲಿ ಹೆನ್ರಿ ಡೇಲ್‌ನೊಡನೆ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

1938ರ ಮಾರ್ಚಿಯಲ್ಲಿ ಆಸ್ಟ್ರಿಯವು ನಾಜಿಗಳ ವಶವಾಯಿತು. ಯೆಹೂದ್ಯನಾದ ಲೋವಿಯನ್ನು ಅವರು ಸೆರೆಮನೆಗೆ ತಳ್ಳಿದರು. ಸಾವು ಸಮೀಪಿಸಿತೆಂದು ಭಾವಿಸಿದ ಅವನಿಗೆ, ಇನ್ನೂ ಪ್ರಕಟವಾಗದ ತನ್ನ ಪ್ರಯೋಗಗಳ ಫಲ ತನ್ನೊಡನೆ ಅಳಿಯಬಾರದೆಂಬ ಚಿಂತೆ ಹತ್ತಿತು. ಕಾವಲುಗಾರನಿಂದ ಅಂಚೆಕಾರ್ಡನ್ನು ಪಡೆದು, ಅದರಲ್ಲಿ ಎಲ್ಲವನ್ನೂ ಸಂಗ್ರಹವಾಗಿ ಬರೆದುಕೊಟ್ಟ ಬಳಿಕವೇ ಅವನ ಮನಸ್ಸಿಗೆ ನೆಮ್ಮದಿಯಾಯಿತು. ಪಾರಿತೋಷಕದ ಹಣವನ್ನು ನಾಜಿಗಳಿಗೆ ಒಪ್ಪಿಸಿ ಅವನು ದೇಶವನ್ನು ತೊರೆಯಬೇಕಾಯಿತು. 1940ರಲ್ಲಿ ನ್ಯೂಯಾರ್ಕ್ ಸೇರಿ ಸಂಶೋಧನೆಯನ್ನು ಮುಂದುವರಿಸಿದ ಲೋವಿ, 1961ರ ಡಿಸೆಂಬರ್ 25ರಂದು ಅಲ್ಲಿಯೇ ತೀರಿಕೊಂಡನು.

ಮಿದುಳಿನ ನರಕೋಶಗಳೂ ಬಹುಮಟ್ಟಿಗೆ ಇಂತಹ ವಸ್ತುಗಳ ಮೂಲಕವೇ ಸಂದೇಶ ಕಳುಹಿಸುತ್ತವೆಯೆಂದು ಮುಂದೆ ಸಿದ್ಧವಾಯಿತು. ವಿಜ್ಞಾನಿಗಳು ಬೆಕ್ಕುಗಳ ಮಿದುಳನ್ನು ಪರೀಕ್ಷಿಸಿದರು. ಎಚ್ಚರವಿರುವಾಗ ಅದರ ಹೊರಪದರದಲ್ಲಿ ಹೆಚ್ಚಾಗಿ ಸ್ರವಿಸುವ ಅಸಿಟೈಲ್‌ಕೋಲಿನ್, ಗಾಢನಿದ್ರೆಯಲ್ಲಿ ಇಳಿಯುತ್ತದೆ. ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗಳು ಚುರುಕಾಗಿ ಹೊರಳುವ ನಿದ್ರೆಯಲ್ಲಿ ಮತ್ತೆ ಏರುತ್ತದೆ. ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳಾದರೋ ಆಗ ತೀರ ಕಡಿಮೆಯಾಗುತ್ತವೆ. ಮನುಷ್ಯನಿಗೆ ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಇದೇ ನಿದ್ರೆಯಲ್ಲಿ. ಕಪ್ಪೆಯ ಹೃದಯದಲ್ಲಿ ಲೋವಿ ಕಂಡ ವಸ್ತುವೇ ಕನಸು ಕಾಣುವ ಮಿದುಳಿನಲ್ಲಿಯೂ ಕೆಲಸಮಾಡುತ್ತಿರುತ್ತದೆ.