ಚಿಯುರಾ ಒಬಾಟಾ

ಚಿಯುರಾ ಒಬಾಟಾ (1885–1975) ಜಪಾನಿನ ಒಕಾಯಾಮಾದಲ್ಲಿ ಜನಿಸಿ, 1903ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಚಿತ್ರಕಾರರು. ಯೊಸೆಮಿಟಿ ಕಣಿವೆಯ ಭೂದೃಶ್ಯಗಳಿಂದ ಪ್ರಸಿದ್ಧರಾದ ಇವರು 1932ರಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೋಧಕರಾಗಿದ್ದರು.

ಪರ್ಲ್ ಹಾರ್ಬರ್ ದಾಳಿಯ ನಂತರ, ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ತೆರವುಗೊಳಿಸುವ ಸರ್ಕಾರಿ ಆದೇಶದಂತೆ, 1942ರಲ್ಲಿ ಒಬಾಟಾ ಕುಟುಂಬವೂ ಮನೆ ತೊರೆಯಬೇಕಾಯಿತು. ಅಮೆರಿಕದಲ್ಲೇ ಹುಟ್ಟಿ ಪೌರತ್ವ ಪಡೆದಿದ್ದ ಮಕ್ಕಳಿಗೂ ಆದೇಶದಿಂದ ವಿನಾಯಿತಿ ಇರಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಸ್ಪ್ರೌಲ್ ಒಬಾಟಾರ ಅನೇಕ ಚಿತ್ರಗಳನ್ನು ಕಾಪಿಟ್ಟರು. ಟ್ಯಾನ್‌ಫೊರಾನ್ ಕುದುರೆಪಂದ್ಯದ ಮೈದಾನದ ಲಾಯವೇ ಕುಟುಂಬದ ವಸತಿಯಾಯಿತು. ಅಲ್ಲಿ ಕೆಲವೇ ವಾರಗಳಲ್ಲಿ ಒಬಾಟಾ ಆರಂಭಿಸಿದ ಕಲಾಶಾಲೆಗೆ 600ಕ್ಕೂ ಹೆಚ್ಚು ಬಂಧಿತರು ಸೇರಿದರು. ಮುಂದೆ ಯೂಟಾ ಮರುಭೂಮಿಯ ಟೋಪಾಜ್ ಶಿಬಿರದಲ್ಲಿಯೂ ಶಾಲೆ ನಡೆಸಿದರು. 1943ರಲ್ಲಿ ಶಿಬಿರದೊಳಗೇ ಅವರ ಮೇಲೆ ಹಲ್ಲೆ ನಡೆದುದರಿಂದ ಕುಟುಂಬವು ಸೇಂಟ್ ಲೂಯಿಸ್‌ಗೆ ತೆರಳಿತು.

1945ರಲ್ಲಿ ಬರ್ಕ್ಲಿಯ ಹುದ್ದೆಗೆ ಮರಳಿದರು. ಜಪಾನೀ ವಲಸಿಗರಿಗೆ ಪೌರತ್ವ ನಿಷೇಧಿಸಿದ್ದ ಕಾನೂನು 1952ರಲ್ಲಿ ಬದಲಾದ ಬಳಿಕ, ನಿವೃತ್ತರಾದ 1954ರಲ್ಲಿಯೇ ಅವರು ಅಮೆರಿಕದ ಪ್ರಜೆಯಾದರು.