ಬಾಗಿಲ ಮೇಲೆ ಬರೆದ ಲೆಕ್ಕ: ಸುಲ್ತಾನ್ ಮುಹಮ್ಮದ್ ಆದಿಲ್‌ಶಾಹ



ನಿಮ್ಮಲ್ಲಿ ಬಹಳಷ್ಟು ಜನ ಶಾಲೆಯ ಪ್ರವಾಸದಲ್ಲಿ ಅಥಣಿ ದಾಟಿ ವಿಜಯಪುರಕ್ಕೆ ಹೋಗಿ ಗೋಲಗುಮ್ಮಟ ಹತ್ತಿರುತ್ತೀರಿ. ಮೇಲೆ ನಿಂತು ಕೂಗಿ ಪ್ರತಿಧ್ವನಿ ಎಣಿಸಿರುತ್ತೀರಿ. ಅದೇ ಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಫಾರ್ಸಿಯ ಮೂರು ಸಾಲುಗಳಿವೆ. ಮೂರರಲ್ಲೂ ಒಂದೇ ಸಂಖ್ಯೆ ಅಡಗಿದೆ. ಆ ಒಗಟನ್ನು ಬಿಡಿಸುವ ಮೊದಲು ಅಲ್ಲಿ ಮಲಗಿರುವ ಸುಲ್ತಾನರ ಬದುಕನ್ನು ಸ್ವಲ್ಪ ತಿಳಿಯೋಣ.

ಎರಡನೇ ಇಬ್ರಾಹಿಂ ಆದಿಲ್‌ಶಾಹರ ಮಗನಾದ ಮುಹಮ್ಮದರು 1627ರಲ್ಲಿ ಸಿಂಹಾಸನವೇರಿದಾಗ ಇನ್ನೂ ಹುಡುಗರು. ಮೊದಲ ಕೆಲವು ವರ್ಷ ಅಧಿಕಾರವೆಲ್ಲ ದರ್ಬಾರಿನ ಸರದಾರರ ಕೈಯಲ್ಲಿತ್ತು. ಉತ್ತರದಿಂದ ಮೊಗಲರ ಒತ್ತಡ ಬೇರೆ. 1636ರಲ್ಲಿ ಶಹಜಹಾನನ ಜೊತೆ ಒಪ್ಪಂದವಾಗಿ ಇಪ್ಪತ್ತು ಲಕ್ಷ ರೂಪಾಯಿ ಕಾಣಿಕೆ ಕೊಡಬೇಕಾಯಿತು. ಆದರೆ ಆ ಒಪ್ಪಂದದಿಂದಲೇ ಉತ್ತರದ ಗಡಿ ಶಾಂತವಾಯಿತು, ಸೈನ್ಯ ದಕ್ಷಿಣಕ್ಕೆ ತಿರುಗಿತು. ರಣದುಲ್ಲಾ ಖಾನ್ ಮತ್ತು ಶಹಾಜಿ 1638ರಲ್ಲಿ ಬೆಂಗಳೂರನ್ನು ಗೆದ್ದರು. ಮುಂದೆ ತಮಿಳು ನಾಡಿನ ಜಿಂಜಿ ಕೋಟೆಯೂ ಬಿಜಾಪುರದ ಪಾಲಾಯಿತು. ಆದಿಲ್‌ಶಾಹಿ ರಾಜ್ಯ ಅಷ್ಟು ದೊಡ್ಡದಾಗಿದ್ದು ಇವರ ಕಾಲದಲ್ಲೇ.

ಆದರೆ 1646ರಲ್ಲಿ ಸುಲ್ತಾನರು ಕಾಯಿಲೆ ಬಿದ್ದರು. ಕೊನೆಯ ಹತ್ತು ವರ್ಷ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ರಾಜ್ಯದ ಕೆಲಸವನ್ನು ಬಹುಪಾಲು ಬೇಗಂ ಖದೀಜಾ ಸುಲ್ತಾನಾ ನೋಡಿಕೊಂಡರು. ಜನ ಅವರನ್ನು ಬಡೀ ಸಾಹಿಬಾ ಎನ್ನುತ್ತಿದ್ದರು. (ಗೋಲಕೊಂಡದ ರಾಜಮನೆತನದಿಂದ ಬಂದ ಈ ಮಹಿಳೆಯ ಬಗ್ಗೆ ಬೇರೆಯೇ ಲೇಖನ ಬೇಕು.) ಸುಲ್ತಾನರು ತಮಗಾಗಿ ಕಟ್ಟಿಸುತ್ತಿದ್ದ ಗುಮ್ಮಟದ ಕೆಲಸವೂ ಪೂರ್ತಿಯಾಗಲಿಲ್ಲ. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ ಎದ್ದು ನಿಂತಿತು, ಗಿಲಾವು ಮಾತ್ರ ಅಲ್ಲಲ್ಲಿ ಉಳಿಯಿತು. 1656ರ ನವೆಂಬರ್ 4ರಂದು ಅವರು ತೀರಿಕೊಂಡರು.

ಈಗ ಲೆಕ್ಕಕ್ಕೆ ಬನ್ನಿ. ಅರಬ್ಬಿಯ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ಅಲಿಫ್ 1, ಬೇ 2 ಎಂದು ಶುರುವಾಗಿ ಹತ್ತುಗಳು, ನೂರುಗಳು ದಾಟಿ 1000ದವರೆಗೆ 28 ಅಕ್ಷರಗಳು. ಇದೇ ಅಬ್ಜದ್. ಟೆಂಪೋ ಗಾಜಿನ ಮೇಲೆ ನೀವು ಕಾಣುವ 786 ಕೂಡ ಬಿಸ್ಮಿಲ್ಲಾದ ಅಕ್ಷರಗಳ ಮೊತ್ತವೇ. ಅಕ್ಷರಕ್ಕೆ ಯಾವ ಅಂಕಿ ಎಂದು ಹುಡುಕುವ ಒಗಟುಗಳನ್ನು ನೀವು ಸ್ಪರ್ಧಾ ಪರೀಕ್ಷೆಗೆ ಬಿಡಿಸುತ್ತೀರಿ. ಇಲ್ಲಿ ಕೆಲಸ ಉಲ್ಟಾ: ಬೆಲೆಗಳು ಮೊದಲೇ ಗೊತ್ತು, ಮೊತ್ತವೂ ಗೊತ್ತು, ಅರ್ಥ ಕೊಡುವ ಮಾತನ್ನು ಕವಿ ಹುಡುಕಬೇಕು. ಇದಕ್ಕೆ ತಾರೀಖ್ ತೆಗೆಯುವುದು ಎನ್ನುತ್ತಾರೆ.

ಒಂದು ಸಾಲಿನಲ್ಲಿ ನಾಲ್ಕೇ ಪದಗಳಿವೆ. ಮೊದಲನೆಯದು ಆಕಿಬತ್, ಅಂದರೆ ಅಂತ್ಯ: ಐನ್ 70, ಅಲಿಫ್ 1, ದೊಡ್ಡ ಕಾಫ್ 100, ಬೇ 2, ತೇ 400, ಒಟ್ಟು 573. ಎರಡನೆಯದು ಸುಲ್ತಾನರ ಹೆಸರು ಮುಹಮ್ಮದ್: ಮೀಮ್ 40, ಹೇ 8, ಮೀಮ್ 40, ದಾಲ್ 4, ಒಟ್ಟು 92. ಮೂರನೆಯದು ಮಹಮೂದ್, ಸ್ತುತ್ಯ ಎಂದರ್ಥ. ಹೆಸರಿನ ಅಕ್ಷರಗಳೇ, ನಡುವೆ ಒಂದು ವಾವ್ (6) ಹೆಚ್ಚು, ಹಾಗಾಗಿ 98. ಕೊನೆಯದು ಶುದ್, ಆಯಿತು: ಶೀನ್ 300, ದಾಲ್ 4, ಒಟ್ಟು 304. ಕೂಡಿಸಿ ನೋಡಿ: 1067. ಅದು ಸುಲ್ತಾನರು ತೀರಿಕೊಂಡ ಹಿಜರಿ ವರ್ಷ.

ಆ ಹಿಜರಿ ವರ್ಷ ಹುಟ್ಟಿ ಆಗ ಸುಮಾರು ಹದಿನೈದು ದಿನವಾಗಿತ್ತಷ್ಟೇ. ತಿಂಗಳು ಮೊದಲೇ ಸಾವು ಬಂದಿದ್ದರೆ ಕವಿಗೆ 1066 ಬೇಕಾಗುತ್ತಿತ್ತು, ಈ ಸಾಲಿನ ಒಂದು ಪದವಾದರೂ ಬದಲಾಗಬೇಕಿತ್ತು. ಹೆಸರಿನಿಂದಲೇ ಹೊಗಳಿಕೆಯನ್ನು ತೆಗೆದು, ಎರಡನ್ನೂ ಮೊತ್ತದೊಳಗೆ ಕೂರಿಸಿದ ಆ ಕೈಯ ಚಳಕಕ್ಕೆ ನನ್ನ ಸಲಾಂ.

ಲೆಕ್ಕ ಸರಿ, ಆದರೆ ಮಾತು ಸರಿಯೇ? ಅಂತ್ಯ ಸ್ತುತ್ಯವಾಯಿತು ಎಂದು ಸಾಲು ಹೇಳುತ್ತದೆ. ಹತ್ತು ವರ್ಷದ ರೋಗ, ಮುಗಿಯದ ಕಟ್ಟಡ. ಮಗ ಎರಡನೇ ಅಲಿ ಪಟ್ಟಕ್ಕೆ ಬಂದೊಡನೆ ಔರಂಗಜೇಬನ ದಂಡು ಬಂದು 1657ರಲ್ಲಿ ಬೀದರ್, ಕಲ್ಯಾಣ ಎರಡೂ ಕೈಬಿಟ್ಟವು. ಆದಿಲ್‌ಶಾಹಿಯೇ 1686ರಲ್ಲಿ ಮುಗಿಯಿತು. ಅದನ್ನೆಲ್ಲ ಕವಿ ಕಾಣುವಂತಿರಲಿಲ್ಲ. ಅವನು ಬರೆದದ್ದು ದುಆ ಎಂದು ನಾನು ಓದಿಕೊಳ್ಳುತ್ತೇನೆ. ಇತಿಹಾಸದ ತೀರ್ಪೆಂದು ಓದಿದರೆ ಅದು ನಿಲ್ಲುವುದಿಲ್ಲ.

ಇನ್ನೆರಡು ಸಾಲುಗಳನ್ನು ನಾನು ಬಿಡಿಸಿ ಹೇಳುವುದಿಲ್ಲ. ಮುಂದಿನ ಪ್ರವಾಸಕ್ಕೆ ಅಬ್ಜದ್ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಉರ್ದು ಓದಲು ಬಾರದ ಗೆಳೆಯರಿದ್ದರೆ ಅಕ್ಷರ ನೀವು ಹೇಳಿ, ಕೂಡಿಸುವುದನ್ನು ಅವರಿಗೆ ಬಿಡಿ. ಮೊತ್ತ 1067 ಬರದಿದ್ದರೆ ಯಾವುದೋ ಅಕ್ಷರ ತಪ್ಪಿದೆ, ಮತ್ತೆ ಎಣಿಸಿ.