ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾವ್

ಪ್ರಜಾಪ್ರಭುತ್ವವು ಪ್ರಜೆಗಳೇ ತಮ್ಮ ಪ್ರತಿನಿಧಿಗಳ ಮೂಲಕ ತಮ್ಮನ್ನು ತಾವು ಆಳಿಕೊಳ್ಳುವ ವ್ಯವಸ್ಥೆ. ಈ ವ್ಯವಸ್ಥೆಯಲ್ಲಿ ಯಾರಿಗೆ ಮತದಾನದ ಹಕ್ಕು ಇರಬೇಕು, ಬಹುಮತದ ಅಧಿಕಾರಕ್ಕೆ ಎಲ್ಲೆ ಯಾವುದು, ಶಾಸಕಾಂಗ ಮತ್ತು ನ್ಯಾಯಾಂಗಗಳಲ್ಲಿ ಕೊನೆಯ ಮಾತು ಯಾರದು ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ರಾಷ್ಟ್ರವೂ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಸ್ವತಂತ್ರ ಭಾರತವು ಈ ಉತ್ತರಗಳನ್ನು ಹುಡುಕುತ್ತಿದ್ದ ಕಾಲದಲ್ಲಿ ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರು ಕರಾವಳಿ ಕರ್ನಾಟಕದ ಸುಪುತ್ರ ಬೆನಗಲ್ ನರಸಿಂಗ ರಾವ್.

ಜನನ ಮತ್ತು ವಿದ್ಯಾಭ್ಯಾಸ

ಬಿ.ಎನ್. ರಾವ್ ಅವರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ಅವರು ಹೆಸರಾಂತ ವೈದ್ಯರು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬಿ. ರಾಮರಾವ್ ಹಾಗೂ ಪತ್ರಕರ್ತರೂ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದ ಬಿ. ಶಿವರಾವ್ ಇವರ ಸಹೋದರರು. ಮಂಗಳೂರಿನ ಕೆನರಾ ಪ್ರೌಢಶಾಲೆಯಲ್ಲಿ ವ್ಯಾಸಂಗ ಮಾಡಿದ ನರಸಿಂಗ ರಾಯರು ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ, ಭಾರತೀಯ ನಾಗರಿಕ ಸೇವೆಗೆ ಆಯ್ಕೆಯಾದರು.

ಆಡಳಿತ ಮತ್ತು ನ್ಯಾಯಾಂಗ ಸೇವೆ

ಬಂಗಾಳ ಪ್ರಾಂತ್ಯದಲ್ಲಿ ಸೇವೆ ಆರಂಭಿಸಿದ ಅವರು ನಂತರ ಅಸ್ಸಾಮಿನಲ್ಲಿ ಕಾರ್ಯ ನಿರ್ವಹಿಸಿದರು. 1935ರ ಭಾರತ ಸರ್ಕಾರ ಕಾಯಿದೆಗೆ ಅನುಗುಣವಾಗಿ ಕೇಂದ್ರ ಹಾಗೂ ಪ್ರಾಂತ್ಯಗಳ ಶಾಸನಗಳನ್ನು ಪರಿಷ್ಕರಿಸುವ ಹೊಣೆ ಅವರದಾಯಿತು. ಈ ಬೃಹತ್ ಕಾರ್ಯದ ಯಶಸ್ಸು ಅವರಿಗೆ 1938ರಲ್ಲಿ ಸರ್ ಪದವಿಯನ್ನು ತಂದುಕೊಟ್ಟಿತು. ಮುಂದೆ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ನಡುವೆ ಉಂಟಾದ ವಿವಾದವನ್ನು ಪರಿಶೀಲಿಸಿದ ಆಯೋಗಕ್ಕೂ ಅವರೇ ಅಧ್ಯಕ್ಷರು. 1944ರಲ್ಲಿ ಜಮ್ಮು ಮತ್ತು ಕಾಶ್ಮೀರದ ಪ್ರಧಾನ ಮಂತ್ರಿಯಾದ ರಾಯರು ಮಹಾರಾಜರೊಡನೆ ಮೂಡಿದ ಭಿನ್ನಾಭಿಪ್ರಾಯದಿಂದಾಗಿ ಮರುವರ್ಷವೇ ಹುದ್ದೆಯನ್ನು ತೊರೆದರು.

1941ರಲ್ಲಿ ರಚನೆಯಾಗಿ 1944ರಲ್ಲಿ ಪುನರುಜ್ಜೀವನಗೊಂಡ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿಯೂ ಅವರು ದುಡಿದರು. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು, ಏಕಪತ್ನಿತ್ವ ಮತ್ತು ವಿವಾಹ ವಿಚ್ಛೇದನಕ್ಕೆ ಅವಕಾಶ ಇವು ಆ ಸಮಿತಿಯ ಮುಖ್ಯ ಪ್ರಸ್ತಾವಗಳು. ತೀವ್ರ ವಿರೋಧದ ನಡುವೆ ವರ್ಷಗಟ್ಟಲೆ ಚರ್ಚೆಗೊಳಗಾದ ಈ ಸುಧಾರಣೆಗಳು 1955 ಮತ್ತು 1956ರಲ್ಲಿ ಪ್ರತ್ಯೇಕ ಕಾಯಿದೆಗಳ ರೂಪದಲ್ಲಿ ಜಾರಿಗೆ ಬಂದವು. ಅದನ್ನು ಕಾಣಲು ರಾಯರು ಬದುಕಿರಲಿಲ್ಲ.

ಸಂವಿಧಾನದ ಮೊದಲ ಕರಡು

1946ರ ಜುಲೈ ತಿಂಗಳಲ್ಲಿ ರಾಯರು ಸಂವಿಧಾನ ಸಲಹೆಗಾರರಾಗಿ ನೇಮಕಗೊಂಡರು. ಈ ಹುದ್ದೆಯನ್ನು ಅವರು ವೇತನ ಪಡೆಯದೆ ನಿರ್ವಹಿಸಿದರು. ಅವರು ಸಭೆಯ ಸದಸ್ಯರಲ್ಲ. ಅವರಿಗೆ ಮತದಾನದ ಅಧಿಕಾರವೂ ಇರಲಿಲ್ಲ. ಅನ್ಯ ದೇಶಗಳ ಸಂವಿಧಾನಗಳನ್ನು ಅಭ್ಯಸಿಸಿ, ಒಂದೊಂದು ವಿಷಯದಲ್ಲೂ ಇರುವ ಮಾರ್ಗಗಳನ್ನು, ಅವುಗಳ ಗುಣದೋಷಗಳನ್ನು ಸದಸ್ಯರ ಮುಂದಿಡುವುದು ಅವರ ಕಾರ್ಯವಾಗಿತ್ತು. ನ್ಯಾಯಾಲಯದ ಮೂಲಕ ಪಡೆಯಬಹುದಾದ ಹಕ್ಕುಗಳನ್ನೂ, ಸರ್ಕಾರಕ್ಕೆ ಮಾರ್ಗದರ್ಶಕವಾಗುವ ತತ್ತ್ವಗಳನ್ನೂ ಬೇರೆ ಬೇರೆಯಾಗಿ ಇಡುವುದು ಸೂಕ್ತವೆಂದು ಐರ್ಲೆಂಡಿನ ಸಂವಿಧಾನದ ಮಾದರಿಯನ್ನು ಆಧರಿಸಿ ಅವರು ಸಲಹೆ ನೀಡಿದರು. ಮೂಲಭೂತ ಹಕ್ಕುಗಳು ಮತ್ತು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು ಎಂಬ ಎರಡು ಭಾಗಗಳಲ್ಲಿ ಈ ವಿಂಗಡಣೆ ಇಂದಿಗೂ ಉಳಿದಿದೆ.

1947ರ ಅಕ್ಟೋಬರ್ ವೇಳೆಗೆ ರಾಯರು 243 ಅನುಚ್ಛೇದಗಳು ಮತ್ತು 13 ಅನುಸೂಚಿಗಳಿದ್ದ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಿ.ಆರ್. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ರಚನಾ ಸಮಿತಿಯು ಇದನ್ನು ಪರಿಶೀಲಿಸಿ, ಪುನರ್ರಚಿಸಿ 1948ರ ಫೆಬ್ರವರಿಯಲ್ಲಿ ತನ್ನ ಕರಡನ್ನು ಸಲ್ಲಿಸಿತು. ಸಭೆಯು 1949ರ ನವೆಂಬರ್ 26ರಂದು ಅಂಗೀಕರಿಸಿದ ಸಂವಿಧಾನದಲ್ಲಿ 395 ಅನುಚ್ಛೇದಗಳು ಮತ್ತು 8 ಅನುಸೂಚಿಗಳಿದ್ದವು. ಅಂಗೀಕಾರದ ಮುನ್ನಾದಿನ ಮಾಡಿದ ಭಾಷಣದಲ್ಲಿ ಡಾ. ಅಂಬೇಡ್ಕರ್ ಅವರು ತಮಗೆ ಸಲ್ಲುತ್ತಿರುವ ಶ್ರೇಯಸ್ಸಿನಲ್ಲಿ ಒಂದು ಭಾಗ ರಾಯರದೆಂದು ಮುಕ್ತವಾಗಿ ಸ್ಮರಿಸಿದರು.

ವೈಯಕ್ತಿಕ ಸ್ವಾತಂತ್ರ್ಯದ ಪ್ರಶ್ನೆ

ಮೊದಲ ಕರಡನ್ನು ಮುಗಿಸಿದ ಬಳಿಕ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ ದೇಶಗಳಿಗೆ ಭೇಟಿ ನೀಡಿ ತಜ್ಞರೊಡನೆ ಸಮಾಲೋಚಿಸಿದರು. ಯಾವುದೇ ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯಯುತವೇ ಎಂಬುದನ್ನು ನ್ಯಾಯಾಲಯಗಳು ಪರೀಕ್ಷಿಸಲು ಅಮೆರಿಕದ ಸಂವಿಧಾನದ ಡ್ಯೂ ಪ್ರೋಸೆಸ್ ಎಂಬ ನಿಯಮವು ಎಡೆ ಕೊಡುತ್ತದೆ. ಆದರೆ ಜನರು ಆರಿಸಿದ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರು ಅಭಿಪ್ರಾಯಪಟ್ಟರು. ರಾಯರು ಇದನ್ನು ಒಪ್ಪಿದರು. ಕರಡು ರಚನಾ ಸಮಿತಿಯು ಆ ಪದಗಳನ್ನು ಕೈಬಿಟ್ಟು, ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ ಎಂಬರ್ಥದ ಪದಗಳನ್ನು ಅಳವಡಿಸಿತು. ಅದೇ ಇಂದಿನ 21ನೇ ಅನುಚ್ಛೇದ.

ಇದರಿಂದ ವ್ಯಕ್ತಿಸ್ವಾತಂತ್ರ್ಯವು ಶಾಸಕಾಂಗದ ಕೃಪೆಗೆ ಒಳಗಾದೀತೆಂದು ಸಭೆಯ ಅನೇಕ ಸದಸ್ಯರು ಆಕ್ಷೇಪಿಸಿದರು. ಬಂಧಿತರಿಗೆ ಕೆಲವು ರಕ್ಷಣೆಗಳನ್ನು ನೀಡುವ ಈಗಿನ 22ನೇ ಅನುಚ್ಛೇದವನ್ನು ನಂತರ ಸೇರಿಸಲಾಯಿತು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 21ನೇ ಅನುಚ್ಛೇದಕ್ಕೆ ಸೀಮಿತ ಅರ್ಥವನ್ನೇ ನೀಡಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಮಾತ್ರ, ಆ ಪ್ರಕ್ರಿಯೆಯು ನ್ಯಾಯಸಮ್ಮತವೂ ವಿವೇಚನಾಯುತವೂ ಆಗಿರಬೇಕೆಂದು ತೀರ್ಪಿತ್ತಿತು. ರಾಯರ ಸಲಹೆಯಿಂದ ಬದಿಗೆ ಸರಿದಿದ್ದ ತತ್ತ್ವವು ಮೂರು ದಶಕಗಳ ಬಳಿಕ ವ್ಯಾಖ್ಯಾನದ ಮೂಲಕ ಮರಳಿ ಬಂದಿತು. ಬಹುಮತದ ಆಳ್ವಿಕೆ ಮತ್ತು ವ್ಯಕ್ತಿಯ ಹಕ್ಕು ಇವೆರಡನ್ನೂ ಸರಿತೂಗಿಸುವ ಕೆಲಸ ಒಮ್ಮೆಗೇ ಮುಗಿಯುವಂಥದಲ್ಲ ಎಂಬುದಕ್ಕೆ ಇದು ನಿದರ್ಶನವಾಗಿದೆ.

ಸಾರ್ವತ್ರಿಕ ಮತಾಧಿಕಾರದ ಸಿದ್ಧತೆ

ಬ್ರಿಟಿಷರ ಆಳ್ವಿಕೆಯಲ್ಲಿ ಆಸ್ತಿ, ತೆರಿಗೆ ಅಥವಾ ವಿದ್ಯಾರ್ಹತೆಯುಳ್ಳ ಕೆಲವರಿಗೆ ಮಾತ್ರ ಮತದಾನದ ಹಕ್ಕಿತ್ತು. 21 ವರ್ಷ ತುಂಬಿದ ಎಲ್ಲರಿಗೂ ಆ ಹಕ್ಕನ್ನು ನೀಡಲು ಸಂವಿಧಾನ ರಚನಾ ಸಭೆ ನಿಶ್ಚಯಿಸಿತು. ಸಂವಿಧಾನ ಜಾರಿಗೆ ಬರುವುದಕ್ಕೆ ಮೊದಲೇ, ರಾಯರ ಮಾರ್ಗದರ್ಶನದಲ್ಲಿ ಸಭೆಯ ಸಚಿವಾಲಯವು ಮತದಾರರ ಪಟ್ಟಿಯ ಕಾರ್ಯವನ್ನು ಕೈಗೊಂಡಿತು. 1948ರ ಮಾರ್ಚ್ ತಿಂಗಳಲ್ಲಿ ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಸೂಚನೆಗಳು ಹೋದವು. ದೇಶ ವಿಭಜನೆಯಿಂದ ನೆಲೆ ಕಳೆದುಕೊಂಡು ಬಂದ ನಿರಾಶ್ರಿತರಿಗೆ ವಾಸದ ಅವಧಿಯ ನಿಯಮವು ಅಡ್ಡಿಯಾದಾಗ, ಅಲ್ಲಿಯೇ ಖಾಯಂ ಆಗಿ ನೆಲೆಸುವ ಇಂಗಿತವನ್ನು ಘೋಷಿಸಿದರೆ ಹೆಸರು ಸೇರಿಸಿಕೊಳ್ಳಲು ಅವಕಾಶ ಕಲ್ಪಿಸಲಾಯಿತು. 1951-52ರ ಪ್ರಥಮ ಮಹಾಚುನಾವಣೆಯ ವೇಳೆಗೆ ಮತದಾರರ ಸಂಖ್ಯೆ 17 ಕೋಟಿಯನ್ನು ಮೀರಿತ್ತು.

ಅಂತರರಾಷ್ಟ್ರೀಯ ಸೇವೆ ಮತ್ತು ನಿಧನ

ಬರ್ಮಾ ದೇಶದ 1947ರ ಸಂವಿಧಾನದ ರಚನೆಗೂ ರಾಯರು ನೆರವಾದರು. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಅವರು 1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಅಧಿಕಾರ ವಹಿಸಿಕೊಂಡರು. ಆ ಹುದ್ದೆಯಲ್ಲಿದ್ದಾಗಲೇ 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನಿಧನ ಹೊಂದಿದರು.

ಅವರ ಸಂವಿಧಾನ ಸಂಬಂಧಿ ಬರಹಗಳನ್ನು ಸಹೋದರ ಶಿವರಾವ್ ಅವರು ಸಂಪಾದಿಸಿ ಪ್ರಕಟಿಸಿದರು. ಚುನಾವಣೆಗೆ ಎಂದೂ ನಿಲ್ಲದ, ಸಭೆಯಲ್ಲಿ ಒಂದು ಮತವನ್ನೂ ಹೊಂದಿರದ ಈ ಅಧಿಕಾರಿಯು ಕೋಟ್ಯಂತರ ಪ್ರಜೆಗಳ ಮತಾಧಿಕಾರಕ್ಕೆ ಬುನಾದಿ ಹಾಕುವಲ್ಲಿ ಸಲ್ಲಿಸಿದ ಸೇವೆ ನಾಡಿಗೆ ಹೆಮ್ಮೆಯ ವಿಷಯವಾಗಿದೆ.